‘ಫ್ರಿಜ್‌ದು ಬೇಡ, ಈಗ ಕೊಯ್ದಿದ್ದು ಕೊಡಿ’

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ನಮ್ಮ ಬೀದಿ ಕೊನೆಯ ಕೋಳಿ ಅಂಗಡಿ ಮುಂದೆ ಏಳೆಂಟು ಜನ ನಿಂತಿದ್ದೇವೆ. ಎಲ್ಲರ ಕಣ್ಣೂ ಭಾಯ್ ಕೈ ಮೇಲೆ. ಅವರು ಪಂಜರಕ್ಕೆ ಕೈ ಹಾಕಿ ಒಂದು ಕೋಳಿ ಎಳೆಯುತ್ತಾರೆ, ತೂಗುತ್ತಾರೆ, ಕತ್ತು ಕೊಯ್ದು ನೀಲಿ ಡ್ರಮ್ಮಿಗೆ ಹಾಕುತ್ತಾರೆ. ಒಳಗೆ ಬಡಿದಾಟ ನಿಲ್ಲುವಷ್ಟರಲ್ಲಿ ಇನ್ನೊಬ್ಬರ ಆರ್ಡರ್ ಕೇಳಿರುತ್ತಾರೆ. ಸ್ಕಿನ್‌ಲೆಸ್ಸಾ, ಸ್ಕಿನ್ನಾ? ಬಿರಿಯಾನಿ ಪೀಸಾ, ಸಾರಿಗಾ?

ಅಂಗಡಿ ಮೂಲೆಯಲ್ಲಿ ಗಾಜಿನ ಬಾಗಿಲಿನ ಫ್ರಿಜ್ ಒಂದಿದೆ. ಅದರ ತುಂಬ ಕೂಲ್ ಡ್ರಿಂಕ್ಸ್ ಬಾಟಲಿಗಳು.

‘ಇದರಲ್ಲಿ ಚಿಕನ್ ಇಡಲ್ವಾ ಭಾಯ್?’ ಅಂದೆ.

‘ಇಟ್ಟು ಏನ್ ಮಾಡ್ಲಿ ಸಾರ್? ಫ್ರಿಜ್‌ನಿಂದ ತೆಗೆದ್ರೆ ಹಳೇದಾ ಅಂತಾರೆ. ಹೋದ ತಿಂಗಳು ನೀವೇ ಕೇಳಿದ್ರಿ.’

ಕೇಳಿದ್ದೆ. ಸುಮ್ಮನಾದೆ.

ನಮ್ಮ ದೇಶದ ಮಾಂಸದ ಕಾನೂನು ಎಲ್ಲಿ ಮುಗ್ಗರಿಸುತ್ತದೆ ಅಂತ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಈ ಫ್ರಿಜ್ ಮುಂದೆ ನಿಂತರೆ ಸಾಕು. ಕಾನೂನು ನಂಬುವುದು ಥರ್ಮಾಮೀಟರನ್ನು. ನಾವು ನಂಬುವುದು ಕಣ್ಣನ್ನು. ಕಾನೂನು ಜಾರಿ ಮಾಡಬೇಕಾದವರೂ ಕಣ್ಣನ್ನೇ ನಂಬುತ್ತಾರೆ. ತೊಂದರೆ ಅಲ್ಲಿಂದಲೇ ಶುರು.

2024ರ ಜುಲೈನಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ನಡೆದದ್ದು ನೆನಪಿರಬಹುದು. ಜೈಪುರದಿಂದ ಬಂದ ರೈಲಿನಲ್ಲಿ ಸುಮಾರು 90 ಪೆಟ್ಟಿಗೆ ಮಾಂಸ ಇಳಿಯಿತು. ಅದು ನಾಯಿ ಮಾಂಸ ಅಂತ ಗಲಾಟೆ ಎದ್ದಿತು. ಬಾಲ ಉದ್ದ ಇದೆ, ಕುರಿಗೆ ಇಂಥ ಬಾಲ ಇರುತ್ತಾ ಅಂತ ವಿಡಿಯೋಗಳು ಓಡಾಡಿದವು. ರಾಜಸ್ಥಾನ ಮತ್ತು ಕಛ್-ಭುಜ್ ಕಡೆಯ ಸಿರೋಹಿ ಎಂಬ ಮೇಕೆ ತಳಿಗೆ ಬಾಲ ತುಸು ಉದ್ದ, ಮೈಮೇಲೆ ಮಚ್ಚೆಯೂ ಇರುತ್ತದೆ ಎಂದು ಆಹಾರ ಸುರಕ್ಷತಾ ಆಯುಕ್ತರು ವಿವರಿಸಬೇಕಾಯಿತು. ಸ್ಯಾಂಪಲ್ ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಗೆ ಹೋಯಿತು. ನಾಯಿ ಅಲ್ಲ, ಕುರಿ-ಮೇಕೆ ಜಾತಿಯದೇ ಅಂತ ಖಾತ್ರಿಯಾಯಿತು. ಎಲ್ಲರೂ ಮನೆಗೆ ಹೋದರು.

ನಿಜವಾದ ಪ್ರಶ್ನೆ ಮಾತ್ರ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಜೈಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದೂವರೆ ದಿನಕ್ಕೂ ಜಾಸ್ತಿ ಹಿಡಿಯುತ್ತದೆ. ಅಷ್ಟು ಹೊತ್ತು ಆ ಪೆಟ್ಟಿಗೆಗಳೊಳಗೆ ಎಷ್ಟು ಡಿಗ್ರಿ ಇತ್ತು? ಐಸ್ ಯಾವಾಗ ಕರಗಿತು? ಕೊಯ್ಯುವ ಮೊದಲು ಪಶುವೈದ್ಯರು ನೋಡಿದ್ದರಾ? ನಾಯಿಯೋ ಮೇಕೆಯೋ ಅನ್ನುವ ಜಗಳ ದಿನಗಟ್ಟಲೆ ನಡೆಯಿತು. ಡಿಗ್ರಿ ಬಗ್ಗೆ ಯಾರೂ ಗಂಟಲು ಹರಿದುಕೊಳ್ಳಲಿಲ್ಲ. ತಿಂದವರ ಹೊಟ್ಟೆ ಕೆಡುವುದು ಡಿಗ್ರಿಯಿಂದ.

ಇರಲಿ, ಕಾನೂನಿನಲ್ಲಿ ಏನಿದೆ ಅಂತ ನೋಡೋಣ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಆಗಿದ್ದು 2006ರಲ್ಲಿ, ಪೂರ್ತಿ ಜಾರಿಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಅದರ ಕೆಳಗೆ ಲೈಸೆನ್ಸ್ ನಿಯಮಗಳಿವೆ. ಆ ನಿಯಮಗಳ ಬಾಲಕ್ಕೆ ಶೆಡ್ಯೂಲ್ 4 ಅಂತ ಒಂದು ಉದ್ದನೆ ಪಟ್ಟಿ. ಅದರ ನಾಲ್ಕನೇ ಭಾಗ ಪೂರ್ತಿ ಮಾಂಸದ ವ್ಯಾಪಾರಕ್ಕೇ ಮೀಸಲು. ಕಸಾಯಿಖಾನೆ ಹೇಗಿರಬೇಕು, ಅಂಗಡಿ ಹೇಗಿರಬೇಕು, ಮಾಂಸ ಸಾಗಿಸುವ ಗಾಡಿ ಹೇಗಿರಬೇಕು, ಎಲ್ಲ ಅದರಲ್ಲಿದೆ. ಓದಲು ಕುಳಿತರೆ ಆಸಕ್ತಿ ಹುಟ್ಟುತ್ತದೆ, ಸ್ವಲ್ಪ ನಗುವೂ ಬರುತ್ತದೆ. ಅಂಗಡಿಯ ಗೋಡೆಗೆ ನೆಲದಿಂದ ಐದು ಅಡಿವರೆಗೆ ಟೈಲ್ಸ್ ಇರಬೇಕು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು. ಚಾಕು, ಮಚ್ಚು ಸ್ಟೀಲಿನದ್ದಾಗಿರಬೇಕು. ಅವನ್ನು ತೊಳೆಯುವ ಬಿಸಿನೀರು 82 ಡಿಗ್ರಿಗಿಂತ ಕಡಿಮೆ ಇರಬಾರದು. ಕೊರಡು ಬಿರುಕು ಬಿಟ್ಟಿರಬಾರದು. ಜನ ಓಡಾಡುವ ಗಾಡಿಯಲ್ಲಿ ಮಾಂಸ ಒಯ್ಯುವಂತಿಲ್ಲ, ತೆರೆದಿಟ್ಟುಕೊಂಡು ಹೋಗುವಂತಿಲ್ಲ.

ಇದನ್ನು ಓದಿ, ಮರುದಿನ ಬೆಳಗಿನ ಜಾವ ಐದೂವರೆಗೆ ಬೆಂಗಳೂರಿನ ಯಾವುದಾದರೂ ರಸ್ತೆಯಲ್ಲಿ ನಿಂತು ನೋಡಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಸುಲಿದ ಎರಡು ಕುರಿ ಅಡ್ಡಡ್ಡ ಮಲಗಿರುತ್ತವೆ. ಮೇಲೊಂದು ಗೋಣಿಚೀಲ. ಪ್ಯಾಸೆಂಜರ್ ಆಟೋದ ಹಿಂದಿನ ಸೀಟಿನಲ್ಲಿ ಇನ್ನು ನಾಲ್ಕು. ಆ ಸೀಟಿನಲ್ಲಿ ಒಂಬತ್ತು ಗಂಟೆಗೆ ಯಾರದೋ ಮಕ್ಕಳು ಸ್ಕೂಲಿಗೆ ಹೋಗುತ್ತವೆ.

ಇನ್ನೊಂದು ನಿಯಮ ನನ್ನನ್ನು ಯೋಚನೆಗೆ ಹಚ್ಚಿತು. ನೇತುಹಾಕಿದ ಮಾಂಸಕ್ಕೆ ಒದ್ದೆ ಬಟ್ಟೆ ಹೊದಿಸಬಾರದು ಅಂತ ಇದೆ. ನಮ್ಮ ಕಡೆ ಮಟನ್ ಅಂಗಡಿಯಲ್ಲಿ ಒದ್ದೆ ಬಟ್ಟೆ ಅಂದರೆ ಶಿಸ್ತಿನ ಗುರುತು. ನೊಣ ಕೂರಲ್ಲ, ಮಾಂಸ ಒಣಗಲ್ಲ, ತೂಕ ಇಳಿಯಲ್ಲ. ಅಂಗಡಿಯವನು ಒಳ್ಳೆಯದಕ್ಕೇ ಹೊದಿಸುತ್ತಾನೆ. ಆದರೆ ಬೆಳಗಿನಿಂದ ಅದೇ ಬಟ್ಟೆ, ಅದೇ ಬಕೆಟ್ಟಿನ ನೀರು. ಬ್ಯಾಕ್ಟೀರಿಯಾಕ್ಕೆ ಬೇಕಾಗಿದ್ದೂ ಅದೇ: ತೇವ ಮತ್ತು ಬೆಚ್ಚಗಿನ ಹೊತ್ತು. ಕಣ್ಣಿಗೆ ಶುಚಿ ಅಂತ ಕಂಡದ್ದು ನಿಜವಾಗಿ ಶುಚಿಯಲ್ಲ. ಇದನ್ನು ಅಂಗಡಿಯವನಿಗೆ ಕೂತು ವಿವರಿಸುವವರು ಯಾರೂ ಇಲ್ಲ. ಅವನಿಗೆ ಗೊತ್ತಿರುವುದು ದಂಡದ ರಸೀದಿ ಮಾತ್ರ.

ಕುರಿ-ಮೇಕೆ ವಿಷಯದಲ್ಲಿ ಇನ್ನೊಂದು ಕಾನೂನೂ ಇದೆ. 2001ರ ಪ್ರಾಣಿ ಹಿಂಸೆ ತಡೆ (ಕಸಾಯಿಖಾನೆ) ನಿಯಮಗಳು. ಅದರ ಪ್ರಕಾರ ಪಶುವೈದ್ಯರು ಪರೀಕ್ಷೆ ಮಾಡದೆ ಯಾವ ಪ್ರಾಣಿಯನ್ನೂ ಕೊಯ್ಯುವಂತಿಲ್ಲ. ಒಬ್ಬ ವೈದ್ಯ ಗಂಟೆಗೆ 12ಕ್ಕಿಂತ ಜಾಸ್ತಿ ನೋಡುವಂತಿಲ್ಲ, ದಿನಕ್ಕೆ 96ಕ್ಕಿಂತ ಜಾಸ್ತಿ ಇಲ್ಲ. ಅಂದರೆ ಒಂದು ಪ್ರಾಣಿಗೆ ಕನಿಷ್ಠ ಐದು ನಿಮಿಷ. ಒಂದನ್ನು ಕೊಯ್ಯುವುದು ಇನ್ನೊಂದಕ್ಕೆ ಕಾಣಬಾರದು. ಗಬ್ಬದ ಪ್ರಾಣಿಯನ್ನು ಕೊಯ್ಯಬಾರದು. ಪರೀಕ್ಷೆ ಆದ ಮೇಲೆ 24 ಗಂಟೆ ವಿಶ್ರಾಂತಿ ಕೊಡಬೇಕು.

ಈ ವಿಶ್ರಾಂತಿ ಬರೀ ಕರುಣೆಯ ಮಾತಲ್ಲ, ತಿನ್ನುವವನಿಗೂ ಬೇಕು. ಪ್ರಾಣಿಯ ಮಾಂಸಖಂಡದಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ. ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲ ಆಗುತ್ತದೆ. ಮಾಂಸ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿಯೇ ಬ್ಯಾಕ್ಟೀರಿಯಾಕ್ಕೆ ಬೇಲಿ. ಲಾರಿಯಲ್ಲಿ ರಾತ್ರಿಯಿಡೀ ನಿಂತು, ಹೆದರಿ, ನೀರಿಲ್ಲದೆ ಬಂದ ಕುರಿಯಲ್ಲಿ ಆ ದಾಸ್ತಾನು ಮೊದಲೇ ಖಾಲಿ. ಅದರ ಮಾಂಸ ಕಪ್ಪಾಗಿ, ಅಂಟಂಟಾಗಿ ಇರುತ್ತದೆ, ಬೇಗ ಕೆಡುತ್ತದೆ. ಸಂತೆಯಿಂದ ಸಂಜೆ ತಂದು ಬೆಳಗಿನ ಜಾವ ಕೊಯ್ದರೆ ಈ 24 ಗಂಟೆ ಎಲ್ಲಿಂದ ಬರಬೇಕು?

ಕುರಿಯದ್ದು ಇಷ್ಟಾಯಿತು. ಕೋಳಿಯ ಕಥೆ ಇದಕ್ಕಿಂತ ಗೋಜಲು. ನಾವು ವಾರವಾರ ಅಡುಗೆಮನೆಗೆ ತರುವುದು ಜಾಸ್ತಿ ಕೋಳಿಯನ್ನೇ ಆದ್ದರಿಂದ ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಶೆಡ್ಯೂಲ್ 4 ಹೇಳುವುದೇನೆಂದರೆ, ಮಾರುವ ಅಂಗಡಿಯೊಳಗೆ ಪ್ರಾಣಿಯನ್ನಾಗಲಿ ಹಕ್ಕಿಯನ್ನಾಗಲಿ ಕೊಯ್ಯಬಾರದು. ಕೊಯ್ಯುವ ಜಾಗ ಬೇರೆ, ಮಾರುವ ಜಾಗ ಬೇರೆ. ಆದರೆ 2011ರ ಅದೇ ಲೈಸೆನ್ಸ್ ನಿಯಮಗಳ ಆರಂಭದ ಪುಟಗಳಲ್ಲಿ ‘ಸಣ್ಣ ವ್ಯಾಪಾರಿ’ ಯಾರು ಅಂತ ಒಂದು ಲೆಕ್ಕ ಇದೆ. ದಿನಕ್ಕೆ 2 ದೊಡ್ಡ ಪ್ರಾಣಿ, ಇಲ್ಲಾ 10 ಸಣ್ಣ ಪ್ರಾಣಿ, ಇಲ್ಲಾ 50 ಕೋಳಿವರೆಗೆ ಕೊಯ್ಯುವವರಿಗೆ ಲೈಸೆನ್ಸ್ ಬೇಡ, ವರ್ಷಕ್ಕೆ 100 ರೂಪಾಯಿ ಕಟ್ಟಿ ನೋಂದಣಿ ಮಾಡಿಸಿಕೊಂಡರೆ ಸಾಕು. 50 ದಾಟಿದರೆ 1,000ದವರೆಗೆ ರಾಜ್ಯದ ಲೈಸೆನ್ಸ್. ಅದಕ್ಕೂ ಮೇಲೆ ಕೇಂದ್ರದ್ದು. ಸಣ್ಣ ಅಂಗಡಿ ಅಂದರೆ ಹತ್ತಡಿ ಅಗಲದ ಮಳಿಗೆ. ಅಲ್ಲಿ 50 ಕೋಳಿ ಕೊಯ್ಯಲು ‘ಬೇರೆ ಜಾಗ’ ಎಲ್ಲಿದೆ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು. ನಮ್ಮ ಭಾಯ್‌ಗೆ ಭಾನುವಾರ ಹತ್ತು ಗಂಟೆಗೇ 50 ದಾಟಿರುತ್ತದೆ. ಗೋಡೆಯಲ್ಲಿ ಫ್ರೇಮ್ ಹಾಕಿಸಿರುವುದು ನೋಂದಣಿಯ ಕಾಗದ.

2023ರಲ್ಲಿ ಗುಜರಾತಿನಲ್ಲಿ ಈ ಗೋಜಲು ಹೈಕೋರ್ಟಿಗೇ ಹೋಯಿತು. ನಿಯಮ ಮೀರಿದ ಅಂಗಡಿಗಳನ್ನು ಮುಚ್ಚಿಸಬೇಕು ಅಂತ ಅರ್ಜಿ. ಸೂರತ್ ಮತ್ತಿತರ ಊರುಗಳಲ್ಲಿ ಮಾಂಸದ ಅಂಗಡಿಗಳಿಗೆ ಬೀಗ ಬಿತ್ತು. ಆಗ ಬಂದ ಪ್ರಶ್ನೆ: ಕೋಳಿ ‘ಪ್ರಾಣಿ’ಯಾ? ಪ್ರಾಣಿ ಅಂತಾದರೆ ಅದನ್ನೂ ಕಸಾಯಿಖಾನೆಯಲ್ಲೇ ಕೊಯ್ಯಬೇಕಲ್ಲ? ಆಹಾರ ಕಾನೂನಿನ ವ್ಯಾಖ್ಯೆಯಲ್ಲಿ ಕೋಳಿಯೂ ಪ್ರಾಣಿಗಳ ಸಾಲಿನಲ್ಲೇ ಇದೆ. ಪೇಪರಿನವರಿಗೆ ಇದು ತಮಾಷೆಯ ಸುದ್ದಿ. ಅಂಗಡಿ ಮುಚ್ಚಿಕೊಂಡು ಕೂತವರಿಗೆ ತಮಾಷೆ ಅಲ್ಲ. ಕೋಳಿಗೆಂದು ಕಟ್ಟಿದ ಕಸಾಯಿಖಾನೆ ಎಷ್ಟು ಊರುಗಳಲ್ಲಿದೆ ಅಂತ ಕೇಳಿದ್ದರೆ ಆ ವಾದ ಬೇಗ ಮುಗಿಯುತ್ತಿತ್ತು.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಅಂಗಡಿಯವನಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಭೆ, ಪಾಲಿಕೆಗಳ 18 ಕೆಲಸಗಳ ಪಟ್ಟಿ ಇದೆ. ಪಟ್ಟಿಯ ಕಟ್ಟಕಡೆಯದು, ಹದಿನೆಂಟನೆಯದು, ಕಸಾಯಿಖಾನೆಗಳ ಉಸ್ತುವಾರಿ. ಕಡೆಯದು ಅಂತಲೋ ಏನೋ, ಯಾರಿಗೂ ನೆನಪಾಗುವುದಿಲ್ಲ. ಕಸಾಯಿಖಾನೆ ಕಟ್ಟುತ್ತೇವೆ ಅಂತ ಯಾವ ಕಾರ್ಪೊರೇಟರೂ ವೋಟು ಕೇಳಲ್ಲ. ಕಟ್ಟಲು ಹೊರಟರೆ ಅಕ್ಕಪಕ್ಕದವರು ಬೀದಿಗಿಳಿಯುತ್ತಾರೆ. ಮಾಂಸ ತಿನ್ನುವವರೇ ಜಾಸ್ತಿ ಇಳಿಯುತ್ತಾರೆ ಅನ್ನುವುದು ನಾನು ಕಂಡದ್ದು.

ಹಾಗಾದರೆ ಅಂಗಡಿಯಲ್ಲಿ ಕೊಯ್ದರೆ ನಿಜಕ್ಕೂ ಏನಾಗುತ್ತದೆ? ಕೋಳಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಕೋಳಿಗೇನೂ ಆಗಲ್ಲ. ಅವಸರದಲ್ಲಿ ಕೊಯ್ಯುವಾಗ ಕರುಳು ಹರಿಯುತ್ತದೆ. ಅದೇ ಕೈ, ಅದೇ ಚಾಕು, ಅದೇ ಕೊರಡು. ‘ಸ್ಕಿನ್ ಇರಲಿ’ ಅಂದವರ ಕೋಳಿ ಬಿಸಿನೀರಿನ ಹಂಡೆಗೆ ಹೋಗುತ್ತದೆ, ಆಮೇಲೆ ರಬ್ಬರ್ ಬೆರಳುಗಳ ಪುಕ್ಕ ಕೀಳುವ ಯಂತ್ರಕ್ಕೆ. ಹಂಡೆಯ ನೀರು ಬೆಳಿಗ್ಗೆ ಕಾಯಿಸಿದ್ದು. ನಲವತ್ತನೇ ಕೋಳಿ ಮುಳುಗುವ ಹೊತ್ತಿಗೆ ಅದು ನೀರಾಗಿ ಉಳಿದಿರುವುದಿಲ್ಲ. ಒಂದು ಕೋಳಿಯ ರೋಗ ಆ ಹಂಡೆಯಲ್ಲಿ ಇಡೀ ಬೀದಿಗೆ ಹಂಚಿಕೆಯಾಗುತ್ತದೆ. ನಾವು ಎದುರಿಗೇ ನಿಂತು ನೋಡಿರುತ್ತೇವೆ. ‘ಕಣ್ಮುಂದೆನೇ ಕೊಯ್ಸಿದ್ದು, ಫ್ರೆಶ್’ ಅಂತ ಮನೆಗೆ ತರುತ್ತೇವೆ.

ಫ್ರೆಶ್ ಅನ್ನುವ ಮಾತು ಸುಳ್ಳೇನಲ್ಲ, ಒಪ್ಪಬೇಕು. ಮಂಡ್ಯ, ರಾಮನಗರ ಕಡೆ ಯುಗಾದಿ ಮಾರನೇ ದಿನ ಹೊಸತೊಡಕು. ವರ್ಷವಿಡೀ ಚೀಟಿ ಕಟ್ಟಿ ಕುರಿ ತರುತ್ತಾರೆ. ನಸುಕಿನಲ್ಲಿ ತೋಪಿನಲ್ಲಿ ಕೊಯ್ದು, ಬಾಳೆಎಲೆ ಹಾಸಿ, ಗುಡ್ಡೆ ಗುಡ್ಡೆ ಹಾಕಿ ಹಂಚುತ್ತಾರೆ. ಗುಡ್ಡೆ ಮಾಂಸ. ಒಂಬತ್ತಕ್ಕೆ ಅದು ಒಲೆ ಮೇಲಿರುತ್ತದೆ, ಮಧ್ಯಾಹ್ನಕ್ಕೆ ಮುದ್ದೆ ಪಕ್ಕದಲ್ಲಿ. ಟೈಲ್ಸ್ ಇಲ್ಲ, 82 ಡಿಗ್ರಿ ಇಲ್ಲ, ಯಾವ ನಿಯಮವೂ ಇಲ್ಲ. ಆದರೂ ಊರಿಗೆ ಊರೇ ಹಾಸಿಗೆ ಹಿಡಿಯಲಿಲ್ಲ. ಕಾರಣ ಹೊತ್ತು. ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಸಮಯವೇ ಸಿಗಲಿಲ್ಲ, ಸಿಕ್ಕಿದ್ದನ್ನು ಕುದಿ ಕೊಂದಿತು.

ಮಾಂಸ ಕಾಪಾಡಲು ಇರುವುದು ಎರಡೇ ದಾರಿ. ಒಂದು ಹೊತ್ತು, ಇನ್ನೊಂದು ತಂಪು. ಕೊಯ್ದ ಮೂರು ನಾಲ್ಕು ಗಂಟೆಯಲ್ಲಿ ಬೇಯಿಸಬೇಕು, ಇಲ್ಲಾ ಕೊಯ್ದ ಕೂಡಲೇ 4 ಡಿಗ್ರಿಗೆ ಇಳಿಸಿ, ಅಡುಗೆಮನೆವರೆಗೆ ಹಾಗೇ ತರಬೇಕು. ಹೆಚ್ಚು ದಿನ ಇಡುವುದಾದರೆ ಮೈನಸ್ 18. ನಮ್ಮ ಅಜ್ಜಿಯರ ದಾರಿ ಮೊದಲನೆಯದು, ಕಾನೂನಿನ ದಾರಿ ಎರಡನೆಯದು. ಪಟ್ಟಣದ ಅಂಗಡಿ ಎರಡಕ್ಕೂ ಸೇರದೆ ನಡುವೆ ಸಿಕ್ಕಿಬಿದ್ದಿದೆ. ಬೆಳಗಿನ ಆರಕ್ಕೆ ಕೊಯ್ದ ಮಟನ್ ಕೊಕ್ಕೆಯಲ್ಲಿ ಸಂಜೆ ಆರರವರೆಗೆ ತೂಗುತ್ತದೆ. ಎಲ್ಲ ಅನುಕೂಲ ಇದ್ದರೆ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ನಾಲ್ಕು ಗಂಟೆ ಕಳೆದರೆ ಒಂದು ಇದ್ದದ್ದು 4,096. ಸಂಜೆವರೆಗಿನ ಲೆಕ್ಕ ನೀವೇ ಹಾಕಿಕೊಳ್ಳಿ. ಅದೇ ಮಾಂಸ ನೋಡಲು ಕೆಂಪಗೇ ಇರುತ್ತದೆ, ಮೂಗಿಗೂ ಏನೂ ಹೇಳುವುದಿಲ್ಲ.

2015ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಲಿಶಿಯಸ್‌ನಂಥ ಆನ್‌ಲೈನ್ ಮಾಂಸದ ಕಂಪನಿಗಳು ಮಾರುತ್ತಿರುವುದು ಈ ತಂಪನ್ನೇ. ಡಬ್ಬಿಯಲ್ಲಿ ಹಾಕಿ, ಫೋನಿನಲ್ಲಿ ಫೋಟೋ ತೋರಿಸಿದರೆ ಫ್ರಿಜ್ಜಿನ ಮಾಂಸ ನಮಗೆ ಹಳೆಯದು ಅನ್ನಿಸುವುದಿಲ್ಲ. ಭಾಯ್ ಫ್ರಿಜ್ಜಿನಿಂದ ತೆಗೆದರೆ ಅನ್ನಿಸುತ್ತದೆ. ಇದರಲ್ಲಿ ವಿಜ್ಞಾನ ಎಷ್ಟು, ಪ್ಯಾಕಿಂಗ್ ಎಷ್ಟು?

ಸರ್ಕಾರ ಎಚ್ಚೆತ್ತುಕೊಂಡ ಸಂದರ್ಭಗಳನ್ನು ಸಾಲಾಗಿಟ್ಟು ನೋಡಿ. 2024ರ ಜೂನ್‌ನಲ್ಲಿ ಕರ್ನಾಟಕ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. 39 ಸ್ಯಾಂಪಲ್ ತೆಗೆದಿದ್ದರು, 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಥರದ ಬಣ್ಣ ಸಿಕ್ಕಿತ್ತು. ಒಳ್ಳೆಯ ಕೆಲಸವೇ. ಕೇಂದ್ರದ ನಿಯಮದಲ್ಲಿ 2011ರಿಂದಲೇ ಕಬಾಬಿಗೆ ಆ ಬಣ್ಣಕ್ಕೆ ಅವಕಾಶ ಇರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಬಣ್ಣ ಕಣ್ಣಿಗೆ ಕಾಣುತ್ತದೆ, ಟೀವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮಸಾಲೆ ಹಚ್ಚಿದ ಚಿಕನ್ ಬಾಣಲೆ ಪಕ್ಕದ ಟಬ್ಬಿನಲ್ಲಿ ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಕೂತಿರುವುದು ಯಾರಿಗೂ ಕಾಣುವುದಿಲ್ಲ.

ಕಾಣದ್ದು ಏನು ಮಾಡುತ್ತದೆ ಅನ್ನುವುದು ನಮ್ಮ ಗಡಿಯಲ್ಲೇ ಗೊತ್ತಾಗಿತ್ತು. 2022ರ ಮೇನಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ 16 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಹತ್ತಾರು ಜನ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಷಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ಬಣ್ಣ ಇಲ್ಲ, ವಾಸನೆ ಇಲ್ಲ. ಆಮೇಲೆ ಕೇರಳ ಷವರ್ಮಾ ಪೊಟ್ಟಣದ ಮೇಲೆ ತಯಾರಿಸಿದ ಸಮಯ ಬರೆಯಬೇಕು ಅಂತ ನಿಯಮ ತಂದಿತು. ನನಗೆ ಇದು ಬುದ್ಧಿವಂತಿಕೆಯ ನಿಯಮ ಅನ್ನಿಸುತ್ತದೆ. ಪೆನ್ನೊಂದಿದ್ದರೆ ಸಾಕು. ಗಡಿಯಾರ ನೋಡಲು ಗಿರಾಕಿಗೂ ಬರುತ್ತದೆ.

ನಮ್ಮಲ್ಲಿ ಮಾಂಸದಂಗಡಿಗೆ ಆದೇಶ ಬರುವುದು ಜಾಸ್ತಿ ಕ್ಯಾಲೆಂಡರ್ ನೋಡಿ. ಗಾಂಧಿ ಜಯಂತಿ, ಮಹಾವೀರ ಜಯಂತಿ, ಗಣೇಶನ ಹಬ್ಬ, ಶಿವರಾತ್ರಿ. ಆ ದಿನ ಮುಚ್ಚಿದ್ದಾರಾ ಅಂತ ನೋಡಲು ಜನ ಬರುತ್ತಾರೆ. ಇನ್ನುಳಿದ ಮುನ್ನೂರ ಐವತ್ತು ದಿನ ತೆರೆದಿರುವಾಗ ಹೇಗಿದೆ ಅಂತ ನೋಡಲು ಬರುವವರು ಕಡಿಮೆ. 2025ರ ಏರೋ ಇಂಡಿಯಾಗೆ ಮುಂಚೆ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸ ಮಾರಾಟ ಬಂದ್ ಮಾಡಿಸಿದರು. ಜನವರಿ 23ರಿಂದ ಫೆಬ್ರುವರಿ 17ರವರೆಗೆ. ಬಿಸಾಡಿದ ಮಾಂಸಕ್ಕೆ ಹದ್ದುಗಳು ಬರುತ್ತವೆ, ವಿಮಾನಕ್ಕೆ ಡಿಕ್ಕಿ ಹೊಡೆಯುತ್ತವೆ ಅನ್ನುವ ಭಯ. ಭಯ ನ್ಯಾಯವಾದದ್ದೇ. ಆದರೆ ಆ ಆದೇಶವನ್ನು ಇನ್ನೊಂದು ಥರ ಓದಿ. ಈ ಊರಿನಲ್ಲಿ ಮಾಂಸದ ಕಸ ಬಯಲಲ್ಲೇ ಬಿದ್ದಿರುತ್ತದೆ ಅಂತ ಪಾಲಿಕೆಯೇ ಸಹಿ ಹಾಕಿ ಒಪ್ಪಿಕೊಂಡ ಹಾಗಿದೆ, ಅಲ್ವಾ?

ಕಸ ಸಣ್ಣದೇನಲ್ಲ. ಎರಡು ಕೆಜಿ ಕೋಳಿಯಲ್ಲಿ ಸ್ಕಿನ್‌ಲೆಸ್ ಸಿಗುವುದು ಹೆಚ್ಚುಕಡಿಮೆ ಒಂದೂಕಾಲು ಕೆಜಿ. ದಿನಕ್ಕೆ ನೂರು ಕೋಳಿ ಅಂದರೆ ಪುಕ್ಕ, ಕರುಳು, ತಲೆ, ಚರ್ಮ ಎಲ್ಲ ಸೇರಿ ಹೆಚ್ಚುಕಡಿಮೆ ಎಪ್ಪತ್ತೈದು ಕೆಜಿ. ಅದನ್ನು ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಮೀನು, ನಾಯಿಗಳ ಆಹಾರಕ್ಕೆ ಪುಡಿ ಮಾಡುವ ರೆಂಡರಿಂಗ್ ಘಟಕಗಳನ್ನು ಕೇರಳ ಜಿಲ್ಲೆ ಜಿಲ್ಲೆಗೂ ಹಾಕಲು ಹೊರಟಿತು. ಬೆಂಗಳೂರಿನ ಸುತ್ತಮುತ್ತ ರಾತ್ರಿ ಹೊತ್ತು ಕೆರೆ ಏರಿ ಮೇಲೆ ಹೋದವರಿಗೆ ನಮ್ಮ ಪದ್ಧತಿ ಏನು ಅಂತ ಗೊತ್ತು. ಬೀದಿನಾಯಿ ಬಗ್ಗೆ ದಿನಾ ಚರ್ಚೆ ಮಾಡುತ್ತೇವೆ, ಅವುಗಳಿಗೆ ಊಟ ಎಲ್ಲಿಂದ ಅಂತ ಮಾತ್ರ ಕೇಳಲ್ಲ.

ದೊಡ್ಡ ಕಸಾಯಿಖಾನೆ ಕಟ್ಟುವವರೆಗೆ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ನಾಲ್ಕೈದು ವಾರ್ಡಿಗೆ ಒಂದರಂತೆ ಕೋಳಿ ಕೊಯ್ಯುವ ಒಂದು ಶೆಡ್, ಹರಿಯುವ ನೀರು, ಚರಂಡಿ, ಸಂಜೆ ಕಸ ಒಯ್ಯುವ ಗಾಡಿ. ಅಂಗಡಿಯವರು ಬೆಳಿಗ್ಗೆ ಅಲ್ಲಿ ಕೊಯ್ಸಿ, ಐಸ್ ಪೆಟ್ಟಿಗೆಯಲ್ಲಿ ತರಬಹುದು. ಇದಕ್ಕೆ ಬೇಕಾಗುವ ದುಡ್ಡು ಒಂದು ಫ್ಲೈಓವರಿನ ಕಂಬದಷ್ಟೂ ಇರಲಾರದು. ಕಷ್ಟ ಇರುವುದು ಬೇರೆ ಕಡೆ. ಆ ಐಸ್ ಪೆಟ್ಟಿಗೆ ಅಂಗಡಿಗೆ ಬಂದಾಗ ನಾವು ಕೊಳ್ಳಬೇಕು. ಜೀವಂತ ಕೋಳಿ ತೋರಿಸಿ ಕೊಯ್ಯುವ ಪಕ್ಕದಂಗಡಿಗೆ ಓಡಬಾರದು.

ಮನೆಯಲ್ಲೂ ನಾವೇನು ಕಮ್ಮಿಯಲ್ಲ. ತಂದ ಕೋಳಿಯನ್ನು ಅರಿಶಿನ ಹಾಕಿ ನಲ್ಲಿ ಕೆಳಗೆ ಮೂರು ಸಲ ತೊಳೆಯುತ್ತೇವೆ. ತೊಳೆದರೆ ಬ್ಯಾಕ್ಟೀರಿಯಾ ಹೋಗಲ್ಲ, ಸಿಂಕಿನ ಪಕ್ಕದಲ್ಲಿ ಹೆಚ್ಚಿಟ್ಟ ಈರುಳ್ಳಿ, ಸೌತೆಕಾಯಿಗೆ ಹಾರುತ್ತದೆ. ಕೊಲ್ಲುವುದು ಬೆಂಕಿ ಮಾತ್ರ. ಒಳಗೆ 74 ಡಿಗ್ರಿ ಮುಟ್ಟಬೇಕು. ನಮ್ಮ ಸಾರಿನ ಕುದಿ ಅದನ್ನು ಸಲೀಸಾಗಿ ದಾಟುತ್ತದೆ. ತೊಂದರೆ ಸಾರಿನಿಂದಲ್ಲ, ಪಕ್ಕದ ಕೋಸಂಬರಿಯಿಂದ. ಇದನ್ನು ನಮ್ಮಮ್ಮನಿಗೆ ಹೇಳಿ ನೋಡಿದೆ. ‘ತೊಳೀದೆ ಮಾಡಿದ್ರೆ ನೀನೇ ತಿನ್ನು’ ಅಂದರು.

ಮೊನ್ನೆ ರಾತ್ರಿ ಒಂಬತ್ತರ ಸುಮಾರಿಗೆ ಭಾಯ್ ಅಂಗಡಿ ಮುಚ್ಚುವ ಹೊತ್ತಿಗೆ ಆ ಕಡೆ ಹೋದೆ. ಕೊರಡಿಗೆ ಕಲ್ಲುಪ್ಪು ಹಾಕಿ ಮಚ್ಚಿನಿಂದ ಕೆರೆಯುತ್ತಿದ್ದರು. ದೊಡ್ಡ ಆರ್ಡರ್ ಒಂದು ಕ್ಯಾನ್ಸಲ್ ಆಗಿ ಏಳೆಂಟು ಕೆಜಿ ಉಳಿದಿತ್ತು. ಕವರಿಗೆ ತುಂಬಿ ಗಾಜಿನ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಬಾಟಲಿಗಳ ಹಿಂದೆ ತಳ್ಳಿದರು.

‘ಇದು ಯಾರಿಗೆ ಭಾಯ್?’

‘ಬೆಳಿಗ್ಗೆ ಹೋಟೆಲ್‌ನವರು ತಗೊಂಡು ಹೋಗ್ತಾರೆ ಸಾರ್. ಅವರು ಹಳೇದಾ ಅಂತ ಕೇಳಲ್ಲ, ರೇಟ್ ಕೇಳ್ತಾರೆ.’